ಆ್ಯಶ್ಲಿ ನದಿ ದಂಡೆಯ ಖಾಲಿ ಮಹಲು

ಬುಧವಾರ: ಚಾರ್ಲ್ಸ್‌ಟನ್ ನಗರ

ಅಮೆರಿಕದ ದಕ್ಷಿಣ ಕ್ಯಾರೊಲೈನಾ ರಾಜ್ಯದ ಹಳೆಯ ತೋಟದ ಮನೆಗಳನ್ನು ನೋಡಲು ಬಂದವರು ನೇರವಾಗಿ ನದಿಯ ಕಡೆಗೆ ಹೋಗದೆ, ಮೊದಲು ಚಾರ್ಲ್ಸ್‌ಟನ್ ನಗರದ ಬೀದಿಗಳಲ್ಲಿ ಒಂದಷ್ಟು ಹೊತ್ತು ನಡೆಯುವುದು ಮೇಲು. ಭತ್ತದಿಂದ ಹಣ ಮಾಡಿದ ಇಲ್ಲಿನ ಭೂಮಾಲೀಕರಿಗೆ ತೋಟದಲ್ಲೊಂದು, ನಗರದಲ್ಲೊಂದು ಎಂದು ಸಾಮಾನ್ಯವಾಗಿ ಎರಡು ಮನೆಗಳಿರುತ್ತಿದ್ದವು. ಬೇಸಿಗೆ ಬಂತೆಂದರೆ ನದಿಯ ತಗ್ಗುಗಳಲ್ಲಿ ಮಲೇರಿಯಾ ಹಬ್ಬುತ್ತಿತ್ತು. ಮಾಲೀಕರ ಕುಟುಂಬಗಳು ಸಮುದ್ರದ ಗಾಳಿ ಬೀಸುವ ನಗರಕ್ಕೆ ಬಂದು ಚಳಿ ಹಿಡಿಯುವವರೆಗೆ ಇಲ್ಲಿಯೇ ಉಳಿಯುತ್ತಿದ್ದವು. ಕೆಸರಿನಲ್ಲಿ ಉಳಿಯುತ್ತಿದ್ದವರು ಆಫ್ರಿಕಾದಿಂದ ತಂದ ಗುಲಾಮರು ಮತ್ತು ಅವರ ಮೇಲೆ ನೇಮಿಸಿದ ಮೇಲ್ವಿಚಾರಕರು. ಆದ್ದರಿಂದ ತೋಟದ ದೊಡ್ಡ ಮನೆಯೆಂಬುದು ಒಂದು ಅರ್ಥದಲ್ಲಿ ಚಳಿಗಾಲದ ಬಿಡಾರ, ಇನ್ನೊಂದು ಅರ್ಥದಲ್ಲಿ ಯಜಮಾನಿಕೆಯ ಪ್ರದರ್ಶನ.

ಇಂಗ್ಲಿಷರು ಇಲ್ಲಿ ನೆಲೆಯೂರಿದ್ದು 1670ರಲ್ಲಿ, ಆ್ಯಶ್ಲಿ ನದಿಯ ಪಶ್ಚಿಮ ದಂಡೆಯಲ್ಲಿ. ಹತ್ತು ವರ್ಷಗಳ ನಂತರ ಊರು ಈಗಿರುವ ಪರ್ಯಾಯದ್ವೀಪಕ್ಕೆ ಸ್ಥಳಾಂತರಗೊಂಡಿತು. ಮೊದಮೊದಲು ಬಂದವರಲ್ಲಿ ಅನೇಕರು ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಿಂದ ಬಂದವರು. ಅಲ್ಲಿ ಕಬ್ಬಿನ ತೋಟಗಳನ್ನು ಗುಲಾಮರ ದುಡಿಮೆಯಿಂದ ನಡೆಸುವ ವ್ಯವಸ್ಥೆ ಆಗಲೇ ಬೇರೂರಿತ್ತು. ಆ ವ್ಯವಸ್ಥೆಯ ಕಾನೂನುಗಳನ್ನೂ ಅವರು ಜೊತೆಗೇ ತಂದರು. 1708ರ ಹೊತ್ತಿಗೆ ಈ ವಸಾಹತಿನಲ್ಲಿ ಬಿಳಿಯರಿಗಿಂತ ಕಪ್ಪುಜನರೇ ಹೆಚ್ಚಾಗಿದ್ದರು. ಮುಂದೆ ನೋಡಲಿರುವ ಮನೆಗಳ ಗಾಂಭೀರ್ಯದ ಹಿಂದೆ ಅಲ್ಪಸಂಖ್ಯಾತ ಒಡೆಯರ ಭಯವೂ ಇತ್ತೆಂಬುದನ್ನು ಈ ಒಂದು ಸಂಗತಿಯೇ ಸೂಚಿಸುತ್ತದೆ. 1739ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಸಮೀಪದ ಸ್ಟೊನೊ ನದಿಯ ಬಳಿ ಗುಲಾಮರು ದಂಗೆಯೆದ್ದರು. ಮರುವರ್ಷವೇ ಬಂದ ಕಾನೂನು ಅವರು ಗುಂಪುಗೂಡುವುದನ್ನೂ ಬರೆಯಲು ಕಲಿಯುವುದನ್ನೂ ನಿಷೇಧಿಸಿತು.

ನಗರದ ಮನೆಗಳ ರೂಪ ವಿಶಿಷ್ಟವಾದದ್ದು. ಒಂದೇ ಕೋಣೆಯಷ್ಟು ಅಗಲವಿರುವ ಉದ್ದನೆಯ ಮನೆ ಬೀದಿಗೆ ತನ್ನ ಕಿರಿದಾದ ಬದಿಯನ್ನು ತೋರಿಸಿಕೊಂಡು ನಿಂತಿರುತ್ತದೆ. ಉದ್ದನೆಯ ಬದಿಗೆ, ಸಾಮಾನ್ಯವಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ, ಗಾಳಿಯನ್ನು ಹಿಡಿಯಲು ಮಹಡಿ ಮಹಡಿಗೂ ಜಗಲಿ ಇರುತ್ತದೆ. ಬೀದಿಯ ಕಡೆಯ ಬಾಗಿಲನ್ನು ತೆರೆದರೆ ಸಿಗುವುದು ಮನೆಯ ಒಳಭಾಗವಲ್ಲ, ಆ ಜಗಲಿ. ಅನೇಕ ಮನೆಗಳ ಇಟ್ಟಿಗೆ ಗೋಡೆಗಳ ಮೇಲೆ ಕಬ್ಬಿಣದ ದುಂಡು ಬಿಲ್ಲೆಗಳು ಕಾಣುತ್ತವೆ. ಅವು ಅಲಂಕಾರವಲ್ಲ. 1886ರ ಆಗಸ್ಟ್ 31ರ ರಾತ್ರಿ ನಡೆದ ಭೂಕಂಪದ ನಂತರ, ಬಿರುಕುಬಿಟ್ಟ ಗೋಡೆಗಳನ್ನು ಮನೆಯ ಒಳಗಿನಿಂದ ಉದ್ದನೆಯ ಕಬ್ಬಿಣದ ಸರಳುಗಳಿಂದ ಬಿಗಿದು ಎರಡೂ ತುದಿಗೆ ಹಾಕಿದ ಬಿಗಿತಗಳು ಅವು. ಈ ಭೂಕಂಪದ ನೆನಪನ್ನು ಓದುಗರು ಇಟ್ಟುಕೊಳ್ಳಬೇಕು. ತೋಟದ ಮನೆಗಳ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಸಂಜೆ 1771ರಲ್ಲಿ ಮುಗಿದ ಎಕ್ಸ್‌ಚೇಂಜ್ ಕಟ್ಟಡದವರೆಗೆ ಹೋದೆವು. ಬಂದರಿನ ವ್ಯಾಪಾರಕ್ಕಾಗಿ ಕಟ್ಟಿದ ಈ ಕಟ್ಟಡದ ಉತ್ತರ ಬದಿಯ ಬಯಲಿನಲ್ಲಿ ಮನುಷ್ಯರ ಹರಾಜು ಬಹಿರಂಗವಾಗಿ ನಡೆಯುತ್ತಿತ್ತು. 1856ರಲ್ಲಿ ನಗರವು ಬೀದಿಯ ಹರಾಜನ್ನು ನಿಷೇಧಿಸಿದಾಗ ಆ ವ್ಯಾಪಾರ ನಿಲ್ಲಲಿಲ್ಲ, ನಾಲ್ಕು ಗೋಡೆಗಳ ಒಳಗೆ ಸರಿಯಿತಷ್ಟೆ. ಚಾಮರ್ಸ್ ಬೀದಿಯಲ್ಲಿ ಅಂಥದೊಂದು ಮಾರುಕಟ್ಟೆಯ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ.

ಗುರುವಾರ: ಡ್ರೇಟನ್ ಹಾಲ್

ನಗರದಿಂದ ವಾಯವ್ಯಕ್ಕೆ ಹೊರಡುವ ಆ್ಯಶ್ಲಿ ನದಿ ರಸ್ತೆಯ ಇಕ್ಕೆಲಗಳಲ್ಲೂ ಓಕ್ ಮರಗಳು ಕೊಂಬೆ ಚಾಚಿ ಮೇಲೆ ಚಪ್ಪರ ಹಾಕಿವೆ. ಡ್ರೇಟನ್ ಹಾಲ್, ಮ್ಯಾಗ್ನೋಲಿಯಾ ಮತ್ತು ಮಿಡ್ಲ್‌ಟನ್ ಪ್ಲೇಸ್ ಎಂಬ ಮೂರು ಪ್ರಸಿದ್ಧ ತೋಟಗಳು ಈ ಒಂದೇ ರಸ್ತೆಯಲ್ಲಿವೆ. ಈಗ ಎಲ್ಲರೂ ರಸ್ತೆಯಿಂದ ಬರುತ್ತಾರೆ. ಆದರೆ 18ನೇ ಶತಮಾನದಲ್ಲಿ ನದಿಯೇ ಹೆದ್ದಾರಿಯಾಗಿತ್ತು. ಆ ಕಾರಣಕ್ಕಾಗಿಯೇ ಡ್ರೇಟನ್ ಹಾಲ್‌ಗೆ ಎರಡು ಮುಖಗಳಿವೆ: ಪಶ್ಚಿಮದ ಮುಖ ರಸ್ತೆಗೆ, ಪೂರ್ವದ ಮುಖ ನದಿಗೆ.

ಈ ಮನೆಯನ್ನು ಕಟ್ಟಿಸಿದ ಜಾನ್ ಡ್ರೇಟನ್ ಪಕ್ಕದ ಮ್ಯಾಗ್ನೋಲಿಯಾ ತೋಟದ ಒಡೆಯರ ಮನೆತನದಲ್ಲಿ ಮೂರನೆಯ ಮಗ. ತಂದೆಯ ತೋಟ ತನ್ನ ಪಾಲಿಗೆ ಬರುವುದಿಲ್ಲವೆಂದು ತಿಳಿದಿದ್ದ ಆತ 1738ರಲ್ಲಿ ಪಕ್ಕದ ಜಮೀನನ್ನು ಕೊಂಡನು. ಜಮೀನು ಕೊಂಡ ಕೂಡಲೇ ಮನೆ ಎದ್ದು 1742ರ ಸುಮಾರಿಗೆ ಮುಗಿಯಿತೆಂದು ಬಹುಕಾಲ ನಂಬಲಾಗಿತ್ತು. ಆದರೆ ಅಟ್ಟದ ತೊಲೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿ ನೋಡಿದಾಗ, ಆ ಮರಗಳನ್ನು ಕಡಿದದ್ದು 1747ರ ಕೊನೆ ಮತ್ತು 1748ರ ಆರಂಭದ ಚಳಿಗಾಲದಲ್ಲಿ ಎಂದು ತಿಳಿದುಬಂತು. ಮನೆ ವಾಸಕ್ಕೆ ಸಿದ್ಧವಾದದ್ದು 1750ರ ದಶಕದ ಆರಂಭದಲ್ಲಿ ಎಂಬುದು ಈಗಿನ ತೀರ್ಮಾನ. ಮನೆತನದ ನೆನಪು ಹೇಳಿದ ವರ್ಷವನ್ನು ತೊಲೆಯ ಉಂಗುರಗಳು ತಿದ್ದಿದವು. ಕಟ್ಟಡಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಖುಷಿ ಕೊಡುವುದು ಇಂಥ ತಿದ್ದುಪಡಿಗಳೇ.

ರಸ್ತೆಯ ಕಡೆಯಿಂದ ಮೊದಲು ಕಣ್ಣಿಗೆ ಬೀಳುವುದು ಎರಡು ಅಂತಸ್ತಿನ ಮುಖಮಂಟಪ. ಕೆಳಗಿನ ಅಂತಸ್ತಿನಲ್ಲಿ ಸರಳವಾದ ಡೋರಿಕ್ ಕಂಬಗಳು. ಮೇಲಿನದರಲ್ಲಿ ಸುರುಳಿ ಬೋದಿಗೆಯ ಅಯಾನಿಕ್ ಕಂಬಗಳು. ಅವುಗಳ ಮೇಲೆ ತ್ರಿಕೋನಾಕಾರದ ಮುಕುಟ. ಭಾರವಾದದ್ದು ಕೆಳಗೆ, ನಾಜೂಕಾದದ್ದು ಮೇಲೆ ಎಂಬ ಈ ಕ್ರಮ ರೋಮನ್ನರದು. ಅದನ್ನು 16ನೇ ಶತಮಾನದಲ್ಲಿ ಇಟಲಿಯ ವಾಸ್ತುಶಿಲ್ಪಿ ಆಂಡ್ರಿಯಾ ಪಲ್ಲಾಡಿಯೊ ಹಳ್ಳಿಯ ಮಹಲುಗಳಿಗೆ ಅಳವಡಿಸಿದನು. ವೆನಿಸ್ ಪ್ರದೇಶದಲ್ಲಿ ಅವನು ಕಟ್ಟಿದ ವಿಲ್ಲಾ ಕೊರ್ನಾರೊದ ಮುಖಮಂಟಪಕ್ಕೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುತ್ತದೆ. ಇಲ್ಲಿನ ಮಂಟಪದ ಒಂದು ಭಾಗ ಮನೆಯ ಗೋಡೆಯಿಂದ ಮುಂದಕ್ಕೆ ಚಾಚಿದೆ, ಇನ್ನೊಂದು ಭಾಗ ಮನೆಯ ಒಳಕ್ಕೆ ಸರಿದಿದೆ. ಹೀಗಾಗಿ ಅದು ಕೇವಲ ಮುಂಭಾಗಕ್ಕೆ ಅಂಟಿಸಿದ ಅಲಂಕಾರವಾಗದೆ, ಮೂರು ಕಡೆ ನೆರಳಿರುವ, ಗಾಳಿಯಾಡುವ ಒಂದು ಕೋಣೆಯೇ ಆಗಿದೆ. ಈ ಸೆಖೆಯ ಊರಿನಲ್ಲಿ ಪಲ್ಲಾಡಿಯೊನ ರೂಪ ಚೆನ್ನಾಗಿ ಹೊಂದಿಕೊಂಡದ್ದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ.

ವಾಸ್ತುಶಿಲ್ಪಿ ಎಂದು ಯಾವ ಒಬ್ಬನ ಹೆಸರೂ ಈ ಮನೆಗೆ ಅಂಟಿಕೊಂಡಿಲ್ಲ. ಆ ಕಾಲದ ಶ್ರೀಮಂತರು ಲಂಡನ್ನಿನಿಂದ ಬರುತ್ತಿದ್ದ ನಕ್ಷೆಗಳ ಸಂಪುಟಗಳನ್ನು ಮುಂದಿಟ್ಟುಕೊಂಡು ತಮ್ಮ ಮನೆಯ ಅಂಗಾಂಗಗಳನ್ನು ಆರಿಸುತ್ತಿದ್ದರು. ಕೆಳಗಿನ ದೊಡ್ಡ ಸಭಾಂಗಣದ ಅಗ್ಗಿಷ್ಟಿಕೆಯ ಮೇಲಿನ ಮರದ ಕೆತ್ತನೆ ಇದಕ್ಕೆ ಸಾಕ್ಷಿ: 1727ರಲ್ಲಿ ವಿಲಿಯಂ ಕೆಂಟ್ ಪ್ರಕಟಿಸಿದ, ಇಂಗ್ಲಿಷ್ ವಾಸ್ತುಶಿಲ್ಪಿ ಇನಿಗೋ ಜೋನ್ಸ್‌ನ ವಿನ್ಯಾಸಗಳ ಸಂಪುಟದ ಒಂದು ಚಿತ್ರದಿಂದ ಅದನ್ನು ಎತ್ತಿಕೊಳ್ಳಲಾಗಿದೆ. ಪುಸ್ತಕದ ರೇಖೆಯನ್ನು ಮರದಲ್ಲಿ ಮೂಡಿಸಿದ ಕೈ ಯಾರದು ಎಂಬುದು ಬೇರೆಯೇ ಪ್ರಶ್ನೆ. ಇಟ್ಟಿಗೆ ಹೊಯ್ದವರು, ಚಿಪ್ಪು ಸುಟ್ಟು ಸುಣ್ಣ ಮಾಡಿದವರು, ತೊಲೆ ಕೊಯ್ದವರು, ಗಾರೆ ಕಲಸಿದವರು ಬಹುಪಾಲು ಗುಲಾಮರು. ಬಡಗಿ ಮತ್ತು ಗಾರೆ ಕೆಲಸದಲ್ಲಿ ನುರಿತ ಗುಲಾಮರು ಈ ಸೀಮೆಯಲ್ಲಿ ಸಾಕಷ್ಟು ಇದ್ದರು.

ಮನೆಯೊಳಗೆ ಒಂದೇ ಒಂದು ಪೀಠೋಪಕರಣವೂ ಇಲ್ಲ. ಕುರ್ಚಿ ಮೇಜುಗಳಿಲ್ಲ, ಪರದೆಗಳಿಲ್ಲ, ತಡೆಹಗ್ಗಗಳ ಆಚೆ ಮಡಚಿಟ್ಟ ಹಾಸಿಗೆಗಳಿಲ್ಲ. ವಿದ್ಯುತ್ತು, ನಲ್ಲಿಯ ನೀರು, ಶಾಖದ ಕೊಳವೆಗಳು ಈ ಮನೆಗೆ ಎಂದೂ ಬರಲೇ ಇಲ್ಲ. ಡ್ರೇಟನ್ ಮನೆತನದ ಏಳು ತಲೆಮಾರುಗಳ ಕೈಯಲ್ಲಿದ್ದ ಮನೆಯನ್ನು ಅವರಿಂದ 1974ರಲ್ಲಿ ಕೊಂಡದ್ದು ಅಮೆರಿಕದ ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್. ಕೊಂಡ ಮೇಲೆ ಅದರ ಮುಂದೆ ಎರಡು ದಾರಿಗಳಿದ್ದವು: 1750ರ ದಶಕದ ವೈಭವವನ್ನು ಮರುಸೃಷ್ಟಿಸಿ ತೋರಿಸುವುದು, ಅಥವಾ ಕೈಗೆ ಬಂದ ಸ್ಥಿತಿಯಲ್ಲಿಯೇ ಕುಸಿಯದಂತೆ ಕಾಯುವುದು. ಟ್ರಸ್ಟ್ ಎರಡನೆಯ ದಾರಿಯನ್ನು ಆರಿಸಿತು.

ಈ ತೀರ್ಮಾನದ ಫಲ ಕೋಣೆ ಕೋಣೆಯಲ್ಲೂ ಕಾಣುತ್ತದೆ. ಬಣ್ಣ ಬಿರಿದು ಎದ್ದಿರುವಲ್ಲಿ ಅದರ ಕೆಳಗಿನ ಹಳೆಯ ಪದರ ಇಣುಕುತ್ತದೆ. ಸಭಾಂಗಣದ ಈಗಿನ ಸೂರು 19ನೇ ಶತಮಾನದ್ದು, ಆದ್ದರಿಂದ ಗೋಡೆಗಳ ಗಾಂಭೀರ್ಯಕ್ಕೆ ಅದು ಸ್ವಲ್ಪ ಸಪ್ಪೆ. ಪಕ್ಕದ ಕೋಣೆಯಲ್ಲಿ ಮಾತ್ರ 18ನೇ ಶತಮಾನದ ಮೂಲ ಸೂರು ಉಳಿದಿದೆ: ಹಸಿ ಗಾರೆ ಒಣಗುವುದರೊಳಗೆ ಕೈಯಿಂದಲೇ ರೂಪಿಸಿದ ಬಳ್ಳಿ ಹೂವುಗಳ ಕೆಲಸ. ಅಚ್ಚಿನಲ್ಲಿ ಒತ್ತಿದ ಕೆಲಸದಲ್ಲಿ ಒಂದು ಎಲೆಯಂತೆಯೇ ಇನ್ನೊಂದು ಎಲೆ ಇರುತ್ತದೆ, ಇಲ್ಲಿ ಹಾಗಿಲ್ಲ. ನದಿಯ ಕಡೆಯ ಬಾಗಿಲಿನಿಂದ ಬಂದವರನ್ನು ಎದುರುಗೊಳ್ಳುವುದು ಮಹಾಗನಿ ಮರದ ಜೋಡಿ ಮೆಟ್ಟಿಲು. ಎರಡು ಬದಿಯಿಂದ ಏರಿ ಮೇಲೆ ಕೂಡುವ ಈ ಮೆಟ್ಟಿಲುಗಳು ಅತಿಥಿಗಳನ್ನು ಮಹಡಿಯ ಸಭಾಂಗಣಕ್ಕೆ ಒಯ್ಯುತ್ತಿದ್ದವು. ಸೇವಕರು ಏರಿಳಿಯಲು ಬೇರೆಯೇ ಇಕ್ಕಟ್ಟಾದ ಮೆಟ್ಟಿಲಿತ್ತು. ಒಂದು ಬಾಗಿಲಿನ ಚೌಕಟ್ಟಿನ ಮೇಲೆ ಮನೆಯ ಮಕ್ಕಳ ಎತ್ತರವನ್ನು ವರ್ಷ ವರ್ಷವೂ ಗುರುತಿಸಿದ ಗೆರೆಗಳಿವೆ. ನಾಯಿಯ ಎತ್ತರವನ್ನೂ ಬಿಟ್ಟಿಲ್ಲ. ಮರುಸೃಷ್ಟಿಯ ದಾರಿ ಹಿಡಿದಿದ್ದರೆ ಈ ಗೆರೆಗಳು ಹೊಸ ಬಣ್ಣದಡಿ ಮಾಯವಾಗುತ್ತಿದ್ದವು.

ಹೊರಗೆ ಬಂದು ಗೋಡೆಯನ್ನು ನೋಡಿದರೆ ಪ್ರತಿ ವರಸೆಯಲ್ಲೂ ಒಂದು ಇಟ್ಟಿಗೆಯ ಉದ್ದ ಮುಖ, ಅದರ ಪಕ್ಕ ಇನ್ನೊಂದರ ತುದಿ, ಹೀಗೆ ಹೆಣೆದುಕೊಂಡು ಹೋಗಿರುವುದು ಕಾಣುತ್ತದೆ. ಫ್ಲೆಮಿಶ್ ಕಟ್ಟು ಎಂದು ಕರೆಯುವ ಈ ಪದ್ಧತಿ ನೋಟಕ್ಕೂ ಚೆಂದ. 1765ರಲ್ಲಿ ಚಿತ್ರಕಾರ ಪಿಯೆರ್ ಯೂಜೀನ್ ಡು ಸಿಮಿಟಿಯೆ ಬರೆದ ಜಲವರ್ಣ ಚಿತ್ರದಲ್ಲಿ ಈ ಮನೆ ಒಂಟಿಯಾಗಿಲ್ಲ; ಅದರ ಎರಡು ಬದಿಗೂ ಉಪಕಟ್ಟಡಗಳಿವೆ. ಅವುಗಳಲ್ಲಿ ಒಂದು 1886ರ ಭೂಕಂಪದಲ್ಲಿ ಹೋಯಿತು, ಇನ್ನೊಂದು 1893ರ ಚಂಡಮಾರುತದಲ್ಲಿ. ಪಲ್ಲಾಡಿಯೊನ ಕಲ್ಪನೆಯಲ್ಲಿ ನಡುಮನೆ ಮತ್ತು ರೆಕ್ಕೆಗಳು ಕೂಡಿಯೇ ಒಂದು ಕಟ್ಟಡ. ಈಗ ಬಯಲಿನಲ್ಲಿ ಒಂಟಿಯಾಗಿ ನಿಂತಿರುವ ಮನೆ ಎಷ್ಟು ಭವ್ಯವಾಗಿ ಕಂಡರೂ, ಅದನ್ನು ಕಟ್ಟಿಸಿದವನು ನೋಡಿದ ರೂಪ ಇದಲ್ಲ.

ಮನೆ ಉಳಿದುಕೊಂಡ ಬಗೆಯೂ ಹೇಳತಕ್ಕದ್ದೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1780ರ ಮಾರ್ಚ್ 29ರಂದು, ಬ್ರಿಟಿಷ್ ಸೈನ್ಯ ಚಾರ್ಲ್ಸ್‌ಟನ್ನನ್ನು ಮುತ್ತಲು ಆ್ಯಶ್ಲಿ ನದಿಯನ್ನು ದಾಟಿದ್ದು ಇದೇ ತೋಟದ ಬಳಿ. 1865ರಲ್ಲಿ, ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಕೊನೆಯಲ್ಲಿ, ನೆರೆಯ ಮನೆಗಳು ಬೆಂಕಿಗೆ ಆಹುತಿಯಾದವು, ಇದೊಂದು ಉಳಿಯಿತು. ಅದು ಹೇಗೆ ಉಳಿಯಿತೆಂಬುದಕ್ಕೆ ಸಿಡುಬಿನ ಆಸ್ಪತ್ರೆಯೆಂದು ಹೇಳಿ ಸೈನಿಕರನ್ನು ದೂರವಿಟ್ಟರೆಂಬುದೂ ಸೇರಿದಂತೆ ಹಲವು ಕಥೆಗಳು ಹುಟ್ಟಿಕೊಂಡಿವೆ. ಯುದ್ಧದ ನಂತರ ಭತ್ತದ ಆದಾಯ ಕುಸಿದಾಗ ಮನೆತನದ ಕೈಹಿಡಿದದ್ದು ನೆಲದಡಿಯ ಫಾಸ್ಫೇಟ್ ಅದಿರು. ಗೊಬ್ಬರಕ್ಕಾಗಿ ಅದನ್ನು ಅಗೆದು ತೆಗೆದ ಹಣದಿಂದ ಮನೆಯ ದುರಸ್ತಿ ನಡೆಯಿತು. 20ನೇ ಶತಮಾನದಲ್ಲಿ ಮನೆಯನ್ನು ನೋಡಿಕೊಂಡ, 1969ರಲ್ಲಿ ತೀರಿಕೊಂಡ ಷಾರ್ಲೊಟಾ ಡ್ರೇಟನ್ ಅದನ್ನು ಆಧುನಿಕಗೊಳಿಸುವ ಗೋಜಿಗೇ ಹೋಗಲಿಲ್ಲ.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ತೋಟದ ಸ್ಮಶಾನಕ್ಕೆ ಹೋದೆವು. 1790ರ ಸುಮಾರಿನಿಂದ ಗುಲಾಮರನ್ನೂ ನಂತರ ಅವರ ಸ್ವತಂತ್ರ ಸಂತತಿಯವರನ್ನೂ ಹೂಳುತ್ತ ಬಂದ ಈ ನೆಲ, ದೇಶದಲ್ಲಿ ಇನ್ನೂ ಬಳಕೆಯಲ್ಲಿರುವ ಆಫ್ರಿಕನ್ ಅಮೆರಿಕನ್ ಸ್ಮಶಾನಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರಿದ್ದು. ಇಲ್ಲಿ ಹೂವಿನ ಪಾತಿಗಳಿಲ್ಲ, ಕತ್ತರಿಸಿದ ಹುಲ್ಲಿಲ್ಲ. ಕಾಡು ತಾನಾಗಿ ಬೆಳೆದಂತೆ ಬಿಡಲಾಗಿದೆ. ಅದು ರಿಚ್ಮಂಡ್ ಬೋವೆನ್ಸ್ ಅವರ ಇಚ್ಛೆ. 1908ರಲ್ಲಿ ಇದೇ ತೋಟದಲ್ಲಿ ಹುಟ್ಟಿದ, ಮುಂದೆ ಇಲ್ಲಿಯ ದ್ವಾರಪಾಲಕರೂ ಮೌಖಿಕ ಚರಿತ್ರೆಯ ಆಕರವೂ ಆದ ಅವರ ಪೂರ್ವಜರು ಈ ತೋಟದ ಗುಲಾಮರು. ಡ್ರೇಟನ್ನರ ಜೊತೆಗೇ ಬಾರ್ಬಡೋಸ್‌ನಿಂದ ಬಂದವರೆಂದು ಅವರ ಮನೆತನದ ನೆನಪು ಹೇಳುತ್ತದೆ. ಅವರನ್ನು ಮಲಗಿರಗೊಡಿ ಎಂಬರ್ಥದ ಅವರ ಮಾತು ಸ್ಮಶಾನದ ಕಮಾನಿನ ಮೇಲಿದೆ. 1998ರಲ್ಲಿ ತೀರಿಕೊಂಡ ಅವರೂ ಇಲ್ಲಿಯೇ ಇದ್ದಾರೆ.

ಇಡೀ ದಿನ ಮನೆಯನ್ನು ಮೆಚ್ಚಿಕೊಂಡು ತಿರುಗಿದ ನನಗೆ ಇಲ್ಲಿ ಒಂದು ತೊಡಕು ಎದುರಾಯಿತು. ಇದ್ದುದನ್ನು ಇದ್ದಂತೆ ಕಾಯುವುದು ಪ್ರಾಮಾಣಿಕ ಮಾರ್ಗವೆಂದು ಒಪ್ಪೋಣ. ಆದರೆ ಇಂದು ಇರುವುದು ಯಾವುದು? ಇಟ್ಟಿಗೆಯ ಮಹಲು ಇದೆ. ಅದನ್ನು ಕಟ್ಟಿದವರ ಮರದ ಗುಡಿಸಲುಗಳು ಕೊಳೆತು ಮಣ್ಣಾಗಿವೆ. ಬಾಳಿಕೆಯ ವಸ್ತು ಒಡೆಯನ ಪಾಲಿಗೆ ಬಂದಿದ್ದರಿಂದ, ಕಾಲವು ಒಡೆಯನ ಪರವಾಗಿಯೇ ಆಯ್ಕೆ ಮಾಡಿಬಿಟ್ಟಿದೆ. ಆ ಕೊರತೆಯನ್ನು ಇಲ್ಲಿ ತುಂಬಿಕೊಡುತ್ತಿರುವುದು ಉತ್ಖನನ ಮತ್ತು ಕಾಗದಪತ್ರ. ಜಾನ್‌ನ ಮಗ, ವೈದ್ಯ ಮತ್ತು ಸಸ್ಯಪ್ರಿಯ ಚಾರ್ಲ್ಸ್ ಡ್ರೇಟನ್, ಮನೆಯನ್ನು ತನ್ನದಾಗಿಸಿಕೊಂಡ 1784ರಿಂದ ಸಾಯುವ 1820ರವರೆಗೆ ದಿನಚರಿ ಬರೆದಿಟ್ಟನು. ಬೆಳೆ, ಹವೆ, ದುರಸ್ತಿಗಳ ನಡುವೆ ಅವನ ಗುಲಾಮರ ಹೆಸರುಗಳೂ ಅಲ್ಲಿ ಬರುತ್ತವೆ.

ಶುಕ್ರವಾರ: ಮ್ಯಾಗ್ನೋಲಿಯಾ ಮತ್ತು ಮಿಡ್ಲ್‌ಟನ್ ಪ್ಲೇಸ್

ಮ್ಯಾಗ್ನೋಲಿಯಾದಲ್ಲಿ ವಸಾಹತು ಕಾಲದ ಮನೆ ಉಳಿದಿಲ್ಲ, ಜನರು ಬರುವುದು ಉದ್ಯಾನಕ್ಕಾಗಿ. ನಾವು ಹೋದದ್ದು ಅದರ ಒಂದು ಅಂಚಿನಲ್ಲಿರುವ ಮರದ ಪುಟ್ಟ ಮನೆಗಳ ಸಾಲನ್ನು ನೋಡಲು. 1850ರ ಸುಮಾರಿನವೆಂದು ಗುರುತಿಸಿದ ಈ ಮನೆಗಳನ್ನು ಗುಲಾಮಗಿರಿಯ ಕಾಲ, ಬಿಡುಗಡೆಯ ನಂತರದ ಕಾಲ, 20ನೇ ಶತಮಾನ ಎಂದು ಬೇರೆಬೇರೆ ಕಾಲಘಟ್ಟಗಳ ಸ್ಥಿತಿಗೆ ತಂದಿದ್ದಾರೆ. ಇವುಗಳಲ್ಲಿ ತೋಟದ ಕೆಲಸಗಾರರ ಕುಟುಂಬಗಳು 20ನೇ ಶತಮಾನದಲ್ಲೂ ಬಹುಕಾಲ ವಾಸಿಸಿದ್ದವು. ಜೋಸೆಫ್ ಮೆಕ್‌ಗಿಲ್ ಅವರು 2010ರಲ್ಲಿ ತಮ್ಮ ಗುಲಾಮ ವಸತಿಗಳ ಯೋಜನೆಯನ್ನು ಆರಂಭಿಸಿದ್ದು ಇಲ್ಲಿಂದಲೇ. ಇಂಥ ಮನೆಗಳ ಕಡೆಗೆ ಜನರ ಗಮನ ಸೆಳೆಯಲು ಅವರು ಕಂಡುಕೊಂಡ ಉಪಾಯ ಸರಳವಾದದ್ದು: ಆ ಮನೆಗಳಲ್ಲಿ ರಾತ್ರಿ ಮಲಗುವುದು. ನಂತರ ಅನೇಕ ರಾಜ್ಯಗಳಲ್ಲಿ ಅವರು ಇದನ್ನು ಮುಂದುವರಿಸಿದ್ದಾರೆ. ಯಾರೋ ಮಲಗುವ ಮನೆಯನ್ನು ಕೆಡವುವುದು ಕಷ್ಟ ಎಂಬ ತರ್ಕದಲ್ಲಿ ಹುರುಳಿದೆ.

ಮಿಡ್ಲ್‌ಟನ್ ಪ್ಲೇಸ್‌ನಲ್ಲಿ ನಡುಮನೆಯೇ ಇಲ್ಲ. ನಿನ್ನೆ ಕಂಡದ್ದಕ್ಕೆ ಇದು ನೇರ ವಿರುದ್ಧ. ಇಲ್ಲಿ ಉಳಿದಿರುವುದು ದಕ್ಷಿಣದ ರೆಕ್ಕೆ ಮಾತ್ರ. 1755ರ ಸುಮಾರಿಗೆ ನಡುಮನೆಯ ಎರಡು ಬದಿಗೂ ಒಂದೊಂದು ಕಟ್ಟಡ ಸೇರಿಸಲಾಗಿತ್ತು. 1865ರ ಫೆಬ್ರುವರಿಯಲ್ಲಿ ಉತ್ತರದ ಸೈನಿಕರು ಬೆಂಕಿಯಿಟ್ಟ ನಂತರ ಗೋಡೆಗಳು ಬರಿದಾಗಿ ನಿಂತವು, 1886ರ ಭೂಕಂಪ ಅವನ್ನೂ ಉರುಳಿಸಿತು. ಇಟ್ಟಿಗೆಯ ಗುಡ್ಡೆಯನ್ನು ಇಂದಿಗೂ ಅಲ್ಲಿಯೇ ಬಿಟ್ಟಿದ್ದಾರೆ.

ಉದ್ಯಾನವಂತೂ ಭೂಮಿಯ ಮೇಲೆ ಬರೆದ ರೇಖಾಗಣಿತ. ಹೆನ್ರಿ ಮಿಡ್ಲ್‌ಟನ್ 1741ರಲ್ಲಿ ಆರಂಭಿಸಿದ ಈ ಕೆಲಸದಲ್ಲಿ ನದಿಯ ಕಡೆಗೆ ಹುಲ್ಲಿನ ಹಂತಗಳು ಇಳಿದುಹೋಗುತ್ತವೆ, ಅವುಗಳ ಬುಡದಲ್ಲಿ ಚಿಟ್ಟೆಯ ರೆಕ್ಕೆಗಳ ಆಕಾರದ ಜೋಡಿ ಕೊಳಗಳಿವೆ. ನೋಡುವವರಿಗೆ ಇದು ಹುಲ್ಲು ಮತ್ತು ನೀರು. ಆದರೆ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಹಂತ ಕಟ್ಟಿದ್ದನ್ನು ನೆನೆದರೆ, ಇದು ಡ್ರೇಟನ್ ಹಾಲ್‌ನ ಇಟ್ಟಿಗೆಗಿಂತ ದೊಡ್ಡ ದುಡಿಮೆ. ಮಾಲೀಕ ಹೆನ್ರಿ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಅಧ್ಯಕ್ಷರಲ್ಲಿ ಒಬ್ಬ, ಮಗ ಆರ್ಥರ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ ಎಂಬ ವಾಕ್ಯದ ಕೆಳಗೆ ಸಹಿ ಮಾಡಿದ ಕೈಗೆ ಈ ಹುಲ್ಲಿನ ಹಂತಗಳೂ ಸೇರಿದ್ದವು.

ಉದ್ಯಾನದ ಒಂದು ಬದಿಗೆ ಬಿಡುಗಡೆ ಹೊಂದಿದವರ ಕುಟುಂಬಗಳು ಇದ್ದ ಪುಟ್ಟ ಮನೆಯೊಂದಿದೆ. ಅದರೊಳಗೆ ಮಿಡ್ಲ್‌ಟನ್ ಮನೆತನದ ಗುಲಾಮರ ಹೆಸರುಗಳನ್ನು ಸಾಲುಸಾಲಾಗಿ ಗೋಡೆಯ ಮೇಲೆ ಕೊಟ್ಟಿದ್ದಾರೆ. ಹೆಸರಿನ ಪಕ್ಕ ಬೆಲೆಯೂ ಇದೆ, ಏಕೆಂದರೆ ಆ ಹೆಸರುಗಳು ನಮಗೆ ಉಳಿದುಬಂದಿರುವುದು ಆಸ್ತಿಯ ಪಟ್ಟಿಗಳಲ್ಲಿ.

ಶನಿವಾರ: ಹ್ಯಾಂಪ್ಟನ್

ನಗರದಿಂದ ಈಶಾನ್ಯಕ್ಕೆ ಹೆದ್ದಾರಿ 17ರಲ್ಲಿ ಹೊರಟರೆ ಮೌಂಟ್ ಪ್ಲೆಸೆಂಟ್ ದಾಟುವವರೆಗೆ ರಸ್ತೆಯ ಬದಿಯಲ್ಲಿ ಬುಟ್ಟಿ ಮಾರುವವರ ಮರದ ಕಟ್ಟೆಗಳು ಕಾಣುತ್ತವೆ. ಸುವಾಸನೆಯ ಹುಲ್ಲನ್ನು ಸುರುಳಿ ಸುತ್ತಿ ತಾಳೆಯ ಗರಿಯಿಂದ ಹೊಲಿಯುವ ಈ ಕಸುಬು ಈ ಕರಾವಳಿಯ ಗುಲಾಮರ ಸಂತತಿಯವರಾದ ಗುಲ್ಲಾ ಜನರದು. ಇದರ ಮೂಲ ರೂಪ ಭತ್ತ ಕೇರುವ ಅಗಲವಾದ ಮೊರ. ತೋಟದ ಒಡೆಯರು ಕೊಂಡದ್ದು ಕೇವಲ ತೋಳ್ಬಲವನ್ನಲ್ಲ; ಪಶ್ಚಿಮ ಆಫ್ರಿಕಾದಲ್ಲಿ ಸೆನೆಗಾಂಬಿಯಾದಿಂದ ಸಿಯೆರಾ ಲಿಯೋನ್‌ವರೆಗಿನ ಕರಾವಳಿಯಲ್ಲಿ ತಲೆಮಾರುಗಳಿಂದ ಭತ್ತ ಬೆಳೆಯುತ್ತಿದ್ದವರ ತಿಳಿವಳಿಕೆಯೂ ಹಡಗಿನಲ್ಲಿ ಬಂತು. ಅದರ ಪಾಲು ಎಷ್ಟೆಂಬುದರ ಬಗ್ಗೆ ಇತಿಹಾಸಕಾರರಲ್ಲಿ ಜೋರಾದ ವಾದವೇ ನಡೆದಿದೆ. ಆದರೆ ಮೊರ, ಒರಳು ಮತ್ತು ಒನಕೆ ಲಂಡನ್ನಿನಿಂದ ಬಂದವಲ್ಲ ಎಂಬುದರಲ್ಲಿ ತಕರಾರಿಲ್ಲ.

ಹ್ಯಾಂಪ್ಟನ್ ಎಂಬ ತೋಟದ ಮನೆಯ ಬಿಳಿಯ ಮುಖಮಂಟಪದ ಎತ್ತರದ ಕಂಬಗಳನ್ನು ದೂರದಿಂದ ಕಂಡಾಗ ಇಡೀ ಮನೆ ಒಂದೇ ಬಾರಿಗೆ ಎದ್ದುನಿಂತದ್ದೆಂದು ತೋರುತ್ತದೆ. ಒಳಗೆ ಹೋದರೆ ಮೋಸ ಬಯಲಾಗುತ್ತದೆ. 1735ರಿಂದ 1750ರ ನಡುವೆ ಕಟ್ಟಿದ್ದು ಆರು ಕೋಣೆಗಳ ಸಾಧಾರಣ ಮರದ ಮನೆ. ಫ್ರಾನ್ಸಿನಿಂದ ಧಾರ್ಮಿಕ ಕಿರುಕುಳಕ್ಕೆ ಹೆದರಿ ಬಂದ ಹ್ಯೂಗನಾಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಮೂಲದ ಕುಟುಂಬಗಳು ಅದರ ಒಡೆಯರು. ಭತ್ತ ಮತ್ತು ಬಣ್ಣ ಕೊಡುವ ನೀಲಿ (ಇಂಡಿಗೊ) ಬೆಳೆಯಿಂದ ಹಣ ಬಂದ ಮೇಲೆ ಎರಡೂ ಬದಿಗೆ ವಿಸ್ತರಿಸಿದರು. ಒಂದು ಬದಿಗೆ ಎರಡು ಅಂತಸ್ತಿನ ಎತ್ತರದ ನೃತ್ಯಶಾಲೆ ಬಂತು. ಹೊರಗಿನಿಂದ ಎರಡೂ ಬದಿ ಸಮವಾಗಿ ಕಾಣಬೇಕೆಂದು ನೃತ್ಯಶಾಲೆಯ ಮೇಲ್ಭಾಗದ ಹೊರಗೋಡೆಗೆ ಸುಳ್ಳು ಕಿಟಕಿಗಳನ್ನು ಕೂರಿಸಿದರು. ಮುಖಮಂಟಪ ಸೇರಿದ್ದು ಕೊನೆಗೆ, 1790ರ ಸುಮಾರಿಗೆ. 1791ರ ಮೇ 1ರಂದು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬೆಳಗಿನ ಉಪಾಹಾರಕ್ಕೆ ಬಂದಾಗ ಆ ಮಂಟಪ ಹೊಚ್ಚಹೊಸದು. ಅಂದು ಮನೆಯೊಡತಿಯಾದ ಮಗಳು ಹ್ಯಾರಿಯಟ್‌ಳೊಂದಿಗೆ ಅತಿಥಿಯನ್ನು ಬರಮಾಡಿಕೊಂಡ ಎಲೈಜಾ ಲ್ಯೂಕಸ್ ಪಿಂಕ್ನಿ, 1740ರ ದಶಕದಲ್ಲಿ ತನ್ನ ತಂದೆಯ ತೋಟದಲ್ಲಿ ನೀಲಿಯ ಬೆಳೆಯನ್ನು ಪ್ರಯೋಗ ಮಾಡಿ ಅದನ್ನು ವಸಾಹತಿನ ಮುಖ್ಯ ರಫ್ತುಗಳಲ್ಲಿ ಒಂದಾಗಿಸಿದವಳೆಂದು ಹೆಸರಾದವಳು.

1971ರಿಂದ ರಾಜ್ಯ ಸರ್ಕಾರದ ಕೈಯಲ್ಲಿರುವ ಈ ಮನೆಯನ್ನೂ ಖಾಲಿಯಾಗಿಯೇ ಇಟ್ಟಿದ್ದಾರೆ. ಅಲ್ಲಲ್ಲಿ ಗೋಡೆ ಮತ್ತು ಸೂರಿನ ಗಾರೆಯನ್ನು ಬಿಡಿಸಿ ಒಳಗಿನ ಮರದ ಚೌಕಟ್ಟು, ಕೊಡಲಿಯ ಗುರುತು, ಕೀಲು, ಬೆಸುಗೆ ಎಲ್ಲವನ್ನೂ ತೆರೆದು ತೋರಿಸಿರುವುದರಿಂದ ಹಳೆಯ ಮನೆ ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂಬುದನ್ನು ಬೆರಳಿಟ್ಟು ತೋರಿಸಬಹುದು. ಕಟ್ಟಡ ಕಲಿಯುವವರಿಗೆ ಡ್ರೇಟನ್ ಹಾಲ್‌ಗಿಂತ ಇದೇ ಒಳ್ಳೆಯ ಪಾಠಶಾಲೆ ಎಂದು ನಾನು ಹೇಳುತ್ತೇನೆ.

ಮನೆಯ ಹಿಂದೆ ವಾಂಬಾ ತೊರೆಯ ದಂಡೆಯಿಂದ ಹಳೆಯ ಭತ್ತದ ಬಯಲುಗಳು ಕಾಣುತ್ತವೆ. ಒಡ್ಡುಗಳು ಜೊಂಡಿನ ನಡುವೆ ಇನ್ನೂ ನೆಟ್ಟಗಿವೆ. ಜೊತೆಗೆ ಬಂದಿದ್ದ ನನ್ನ ತಮ್ಮ ಬಹಳ ಹೊತ್ತು ನೋಡಿ, "ಅಣ್ಣ, ಇದು ನಮ್ಮ ಅಘನಾಶಿನಿ ಬದಿಯ ಗಜನಿ ಗದ್ದೆಯೇ ಅಲ್ಲವೇ?" ಎಂದನು. ಉತ್ತರ ಕನ್ನಡದ ಅಳಿವೆಯ ಉಪ್ಪುನೀರಿನ ಗದ್ದೆಯೇ ಗಜನಿ. ಒಡ್ಡು, ತೂಬು ಮತ್ತು ಭರತ ಇಳಿತಗಳ ಲೆಕ್ಕಾಚಾರ ಎರಡೂ ಕಡೆ ಒಂದೇ. ವ್ಯತ್ಯಾಸವಿರುವುದು ಬೀಜದಲ್ಲಿ. ಗಜನಿಯ ಕಗ್ಗ ಭತ್ತ ಉಪ್ಪನ್ನು ತಾಳುತ್ತದೆ, ಕ್ಯಾರೊಲೈನಾದ ಭತ್ತ ತಾಳುವುದಿಲ್ಲ. ಆದ್ದರಿಂದ ಇಲ್ಲಿನ ಗದ್ದೆಗಳು ಸಮುದ್ರದಿಂದ ಒಂದು ನಿರ್ದಿಷ್ಟ ದೂರದಲ್ಲಿ, ಭರತದ ಒತ್ತಡಕ್ಕೆ ನದಿಯ ಸಿಹಿನೀರು ಮೇಲೇರುವ, ಆದರೆ ಉಪ್ಪು ತಲುಪದ ಪಟ್ಟಿಯಲ್ಲಿ ಮಾತ್ರ ಸಾಧ್ಯವಾದವು. ಮೊದಲು ಟೊಳ್ಳು ಸೈಪ್ರೆಸ್ ದಿಮ್ಮಿಗೆ ಬೆಣೆ ಹೊಡೆದು ತೂಬು ಮಾಡುತ್ತಿದ್ದರು, ನಂತರ ಎರಡು ತುದಿಗೂ ತೂಗುಬಾಗಿಲಿರುವ ಮರದ ಪೆಟ್ಟಿಗೆಗಳು ಬಂದವು. ಭರತದಲ್ಲಿ ಹೊರಬಾಗಿಲನ್ನು ಎತ್ತಿದರೆ ಗದ್ದೆ ತುಂಬುತ್ತದೆ. ನೀರು ತಿರುಗಿದೊಡನೆ ಒಳಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. 18ನೇ ಶತಮಾನದ ನಡುವಿನಿಂದ ಮೈಲುಗಟ್ಟಲೆ ಜೌಗುಕಾಡನ್ನು ಕಡಿದು ಕೈಯಿಂದಲೇ ಎಬ್ಬಿಸಿದ ಈ ಒಡ್ಡುಗಳನ್ನು ಕಂಡ ಮೇಲೆ, ದಂಡೆಯ ಬಿಳಿಯ ಕಂಬಗಳು ನನ್ನ ಕಣ್ಣಿಗೆ ಚಿಕ್ಕವಾದವು. ಈ ಸೀಮೆಯ ಅತಿ ದೊಡ್ಡ ವಾಸ್ತುಕೃತಿ ಈ ಗದ್ದೆಗಳೇ.

ಭಾನುವಾರ: ಮತ್ತೆ ನಗರದಲ್ಲಿ

ಬೆಳಿಗ್ಗೆ ಗ್ಯಾಡ್ಸ್‌ಡನ್ ಹಡಗುಕಟ್ಟೆಯಿದ್ದ ಜಾಗಕ್ಕೆ ಹೋದೆವು. 1808ರಲ್ಲಿ ಅಮೆರಿಕವು ಗುಲಾಮರ ಆಮದನ್ನು ನಿಷೇಧಿಸುವ ಮುಂಚಿನ ಕೊನೆಯ ವರ್ಷಗಳಲ್ಲಿ ಹಡಗುಗಳು ತಂದ ಆಫ್ರಿಕನ್ನರನ್ನು ಇಳಿಸುತ್ತಿದ್ದುದು ಇಲ್ಲಿ. 2023ರಲ್ಲಿ ತೆರೆದ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದ ಉದ್ದನೆಯ ಕಟ್ಟಡವನ್ನು ನೆಲದ ಮೇಲೆ ಕೂರಿಸದೆ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಅಡಿಯ ನೆಲ ಪೂರ್ತಿಯಾಗಿ ಸ್ಮಾರಕ. ಎತ್ತರಿಸಿದ ಮನೆ ಈ ಸೀಮೆಯಲ್ಲಿ ಯಜಮಾನಿಕೆಯ ಗುರುತಾಗಿತ್ತು. ಇಲ್ಲಿ ಅದೇ ಎತ್ತರವನ್ನು ನೆಲಕ್ಕೆ ತೋರುವ ಮರ್ಯಾದೆಯಾಗಿ ಬಳಸಿರುವುದು ಜಾಣತನದ ವಿನ್ಯಾಸ.

ಮಧ್ಯಾಹ್ನ ಕಂಡ ಏಕನ್-ರೆಟ್ ಮನೆ ವಸಾಹತು ಕಾಲದ್ದಲ್ಲ. 1820ರಲ್ಲಿ ಕಟ್ಟಿದ್ದು, ಮುಂದೆ ರಾಜ್ಯಪಾಲನೂ ಆದ ವಿಲಿಯಂ ಏಕನ್ 1830ರ ದಶಕದಲ್ಲಿ ವಿಸ್ತರಿಸಿದ್ದು. ಜೆಹೋಸಿ ದ್ವೀಪದ ಅವನ ಭತ್ತದ ತೋಟದಲ್ಲಿ ಸುಮಾರು 700 ಗುಲಾಮರಿದ್ದರು. 1995ರಲ್ಲಿ ಇದನ್ನು ಪಡೆದ ಹಿಸ್ಟಾರಿಕ್ ಚಾರ್ಲ್ಸ್‌ಟನ್ ಫೌಂಡೇಶನ್ ಕೂಡ ಇದ್ದುದನ್ನು ಇದ್ದಂತೆ ಕಾಯುವ ದಾರಿಯನ್ನೇ ಹಿಡಿದಿದೆ; ಗೋಡೆಕಾಗದ ಸುಲಿದು ಜೋತಾಡುತ್ತಿದ್ದರೂ ಕಿತ್ತು ಹೊಸದು ಅಂಟಿಸಿಲ್ಲ. ಇಲ್ಲಿ ನನ್ನ ಗುರುವಾರದ ತೊಡಕಿಗೆ ಒಂದು ಉತ್ತರ ಸಿಕ್ಕಿತು. ಹಿತ್ತಲಿನಲ್ಲಿ ಅಡುಗೆಮನೆ ಮತ್ತು ಲಾಯದ ಮೇಲಿನ ಗುಲಾಮರ ಕೋಣೆಗಳು ಹಾಗೆಯೇ ನಿಂತಿವೆ, ಒಳಗೋಡೆಯ ಮೇಲೆ ಹಳೆಯ ಬಣ್ಣವೂ ಇದೆ. ಕಾಯುವ ವಿಧಾನ ಎರಡೂ ಕಡೆ ಒಂದೇ. ಇಲ್ಲಿ ಸೇವಕರ ಸಾಲನ್ನೂ ಇಟ್ಟಿಗೆಯಿಂದ ಕಟ್ಟಿದ್ದರಿಂದ ಅದು ಕಾಯಲು ಸಿಕ್ಕಿತು. ಬೆಂಕಿಗೆ ಪದೇಪದೇ ತುತ್ತಾಗುತ್ತಿದ್ದ ನಗರದಲ್ಲಿ ಹಿತ್ತಲಿಗೂ ಇಟ್ಟಿಗೆ ಬಳಸಿದ್ದು ಕರುಣೆಯಿಂದಲ್ಲ, ಮುನ್ನೆಚ್ಚರಿಕೆಯಿಂದ.

ಚಾರ್ಲ್ಸ್‌ಟನ್ನಿನಲ್ಲಿ ಹೆಚ್ಚು ಸಮಯವಿಲ್ಲದವರು ಮ್ಯಾಗ್ನೋಲಿಯಾದ ಉದ್ಯಾನವನ್ನು ಬಿಟ್ಟರೂ ನಡೆದೀತು. ಡ್ರೇಟನ್ ಹಾಲ್ ಮತ್ತು ಏಕನ್-ರೆಟ್ ಮನೆಗಳನ್ನು ಜೋಡಿಯಾಗಿ ನೋಡಬೇಕು. ಡ್ರೇಟನ್ ಹಾಲ್‌ನಲ್ಲಿ ಸ್ಮಶಾನದಿಂದ ಆರಂಭಿಸಿ ಮನೆಗೆ ಬರಬಹುದು. ಏಕನ್-ರೆಟ್‌ನಲ್ಲಿ ಹಿತ್ತಲನ್ನು ಮೊದಲು ನೋಡಿ, ಆಮೇಲೆ ಮುಂಬಾಗಿಲಿನ ಅಮೃತಶಿಲೆಯ ಮೆಟ್ಟಿಲನ್ನು ಹತ್ತಬಹುದು.